ವಿಜ್ಞಾನಿಯ ಗಡ್ಡ

ಭಾಲ್ಕಿಯಲ್ಲಿ ಸಾಲಿ ಮಕ್ಕಳ ವೇಷದ ಬಟ್ಟೆ ಬಾಡಿಗೆಗೆ ಕೊಡುವ ಏಜಾಜಭಾಯಿಯ ಅಂಗಡಿ. ಮಗನ ಪೊಲೀಸ್ ಟೋಪಿ ಮರಳಿಸಲು ನಿಂತಿದ್ದೆ. ನನ್ನ ಮುಂದಿದ್ದ ಹೆಣ್ಣುಮಗಳು ಅವರು ಕೊಟ್ಟ ಚೀಲ ಬಿಚ್ಚಿ ನೋಡಿದರು.

“ಭಾಯಿ, ವಿಜ್ಞಾನಿ ಡ್ರೆಸ್ಸಿನಾಗ ಗಡ್ಡ ಯಾಕ ಅದರಿ?”

“ವಿಜ್ಞಾನಿ ಅಂದ್ರ ಕೋಟು, ಗಡ್ಡ, ಬಿಳಿ ಕೂದಲ. ಸೆಟ್ಟೇ ಹಂಗ ಬರ್ತದರಿ.”

“ಹಾಕ್ಕೊಳ್ಳಾಕಿ ನನ್ನ ಮಗಳರಿ.”

“ಹುಡುಗೇರಿಗಿ ನರ್ಸ್ ಅದ, ಟೀಚರ್ ಅದ. ಕೊಡ್ಲೇನ್ರಿ?”

“ಬ್ಯಾಡ್ರಿ. ಮೊಬೈಲಿನಾಗ ಈ ವಿಡಿಯೋ ನೋಡಿ ಹಟ ಹಿಡದಾಳ. ನೀವೂ ನೋಡ್ರಿ.”

ಏಜಾಜಭಾಯಿ ಮೊಬೈಲ್ ಕೈಗೆ ತಗೊಂಡು ನೋಡಿದರು.

“ರಾಕೆಟ್ ಮುಂದ ನಿಂತು ಮಾತಾಡ್ಲತ್ತಾರ, ಇವರು ಯಾರ್ರಿ?”

“ಅದನ್ನ ಮಾಡಿದ ವಿಜ್ಞಾನಿರಿ.”

“ಸೀರಿ ಉಟ್ಟಾರಲ್ಲ.”

“ನನ್ನ ಮಗಳಿಗಿ ಅದೇ ಬೇಕಂತರಿ. ಸೀರಿ, ಮ್ಯಾಲ ಕೋಟು.”

ಏಜಾಜಭಾಯಿ ಟೀಚರ್ ಸೆಟ್ಟಿನಿಂದ ಪುಟ್ಟ ಸೀರೆ ತೆಗೆದು ಕೋಟಿನ ಜೊತೆ ಇಟ್ಟರು. ಗಡ್ಡವನ್ನು ಋಷಿ ವೇಷದ ಚೀಲಕ್ಕೆ ತುರುಕಿದರು.

ಮೆಟ್ಟಿಲಿಳಿಯುತ್ತ ಆಕೆ ತಿರುಗಿ ಕೇಳಿದರು.

“ವಾಪಸ್ ತಂದ್ಕೊಡೂಮುಂದ ಸೀರಿ, ಕೋಟು ಬ್ಯಾರೆ ಬ್ಯಾರೆ ಮಾಡಿ ತರ್ಲೇನ್ರಿ?”

“ಬ್ಯಾಡ್ರಿ ಅಕ್ಕಾ, ಒಂದೇ ಚೀಲದಾಗ ಇರ್ಲಿ. ನಾಳಿ ಇನ್ನೊಬ್ಬಾಕಿ ಬಂದು ಕೇಳ್ತಾಳ.”