ಮಣ್ಣಿಗೆ ಇಳಿದ ತಂತಿ

ಅದನ್ನೇ ಅಲ್ವೇನೇ ಒತಿಲಿಯಾ, ನಾನೂ ಹೇಳ್ತಿರೋದು... ಕರೆಂಟು ಯಾರ ಮನೆ ಆಳು? ಹೋಗೋವಾಗ ಹೇಳಿ ಹೋಗುತ್ತಾ, ಬರೋವಾಗ ಹೇಳಿ ಬರುತ್ತಾ? ಬಂತು. ನಿನ್ನ ಮಗನ ಕೈ ಸಾರಾಯಿ ಭಟ್ಟಿ ಹಂಡೆ ಮೇಲಿತ್ತು. ನಡೆದದ್ದು ಅಷ್ಟೇ. ಆ ಕುರ್ಚಿ ಬೇಡ ಕಣೆ, ಅದರ ಕಾಲು ಅವತ್ತೇ ಮುರೀತು, ಅದರಲ್ಲೇ ಅವನು ನನ್ನ ಮಗಳು ಯುಸಿಮಿಗೆ... ಇಲ್ಲಿ ಬಾ, ಸಂತ ಲಾಸರೋನ ಮೂರ್ತಿ ಪಕ್ಕ ಕೂತ್ಕೊ. ಗಾಳಿ ಬರುತ್ತೆ. ಕಾಫಿ ತಗೊ. ರೇಷನ್ನಿನದ್ದು, ಹುರಿದ ಬಟಾಣಿ ಜಾಸ್ತಿ, ಕಾಫಿಪುಡಿ ಕಮ್ಮಿ. ನಿಮ್ಮನೇಲೂ ಅದೇ ತಾನೆ.

ನಿನ್ನೆ ತಾನೇ ಮಗನನ್ನ ಮಣ್ಣು ಮಾಡಿ ಬಂದವಳ ಹತ್ರ ಇದನ್ನೆಲ್ಲ ಆಡಬಾರದು, ಗೊತ್ತು. ಆದರೆ ನನಗೆ ಹೊತ್ತಿಲ್ಲ ಬೀಗಿತ್ತಿ. ಊಟದ ಹೊತ್ತು ಕಳೀತಿದ್ದ ಹಾಗೆ ಪೊಲೀಸರು ಬರ್ತಾರೆ, ಜೊತೇಲಿ ಕರೆಂಟಿನವನೊಬ್ಬನ್ನ ಕರ್ಕೊಂಡು. ನಿನ್ನನ್ನೂ ಕೇಳ್ತಾರೆ, ನಿನ್ನ ಮಗ ಓಸ್ನಿಯೆಲನಿಗೆ ಕುಡಿದು ಹಂಡೆ ಕೆದಕೋ ಚಾಳಿ ಇತ್ತಾ ಅಂತ. ಹೆತ್ತವಳು ನೀನು, ನಿನ್ನ ಮಾತು ನಡೆಯುತ್ತೆ. ಹೂಂ ಅಂದರೆ ನನ್ನ ಮಗಳು ಸಂಜೆಗೆ ಮನೆಗೆ ಬರ್ತಾಳೆ. ಇಲ್ಲ ಅಂದರೆ ಮುದುಕಿ ಆಗೋವರೆಗೂ ಒಳಗೇ. ಅವಳ ಮೈಮೇಲಿನ ಬಾಸುಂಡೆ ನೋಡಿ ಅವರು ಅಂದರಂತೆ, ಇಷ್ಟು ತಿಂದವಳಿಗೆ ಗಂಡನ್ನ ಕೊಲ್ಲೋಕೆ ಬೇರೆ ಕಾರಣ ಯಾಕೆ ಬೇಕು ಅಂತ. ಹೊಡೆತ ತಿಂದದ್ದೇ ಅವಳ ತಪ್ಪಾಯ್ತು ನೋಡು. ಚಪ್ಪಲಿ ಮೆಟ್ಟೋಕೂ ಬಿಡದೆ ಎಳ್ಕೊಂಡು ಹೋದರು. ಇನ್ನೂ ಅಲ್ಲೇ ಬಿದ್ದಿವೆ, ಬಾಗಿಲ ಹತ್ರ.

ಯಾಕೆ ಹಾಗೆ ನೋಡ್ತೀಯ? ನಾನು ಭಟ್ಟಿ ಸರಿಯಾಗಿ ಕಟ್ಟಿರಲಿಲ್ಲ ಅಂತಲಾ?

ಅದೊಂದು ಮಾತ್ರ ಅನ್ನಬೇಡ. ನಮ್ಮ ಪ್ಲಾಸೆತಾಸ್ ಊರಿನಲ್ಲಿ ಭಟ್ಟಿ ಇಲ್ಲದ ಹಿತ್ತಿಲು ಎಷ್ಟಿವೆ? ಎಲ್ಲರದ್ದೂ ನೋಡಿದ್ದೀನಿ. ಗುಜರಿ ಹೀಟರಿನ ಕಾಯಿಲ್ ಕಿತ್ತು, ಹಾಲಿನ ಕ್ಯಾನಿಗೆ ತೂತು ಹೊಡೆದು ತುರುಕಿ, ಇಸ್ತ್ರಿಪೆಟ್ಟಿಗೆಯ ವೈರು ಸುತ್ತಿ, ಮೇಲೊಂದು ಗಾಯದ ಪಟ್ಟಿ ಅಂಟಿಸಿದರೆ ಮುಗೀತು ಅವರಿಗೆ. ನನ್ನದು ಹಾಗಲ್ಲ. ನನ್ನ ಎವೆಲಿಯೊ ಸಕ್ಕರೆ ಮಿಲ್ಲಿನಲ್ಲಿ ಕರೆಂಟಿನ ಕೆಲಸ ಮಾಡಿದೋನು. ಮಿಲ್ಲು ಮುಚ್ಚಿದ ಮೇಲೆ ಈ ಹಂಡೆ ಕಟ್ಟಿಕೊಟ್ಟು ಕಣ್ಣು ಮುಚ್ಚಿದ. ನನಗೆ ಅಕ್ಷರ ಬರಲ್ಲ, ಕೈ ಹಿಡಿದು ಕಲಿಸಿದ. ಕಾಯಿಲ್ ಯಾವಾಗಲೂ ಹುಳಿ ಬರಿಸಿದ ಸಕ್ಕರೆ ಕೊಳೆಯಲ್ಲಿ ಮುಳುಗಿರಬೇಕು ಬೆನಿಲ್ದಾ, ಮೇಲೆ ತೇಲಿದರೆ ಸುಟ್ಟು ಸಿಡಿಯುತ್ತೆ ಅನ್ನೋನು. ವೈರು ಕಿರುಬೆರಳ ದಪ್ಪದ್ದು, ನಡುವೆ ಎಲ್ಲೂ ಗಂಟಿಲ್ಲ. ಸ್ವಿಚ್ಚು ಆವಿ ತಾಗದ ಗೋಡೆಗೆ. ನಿಲ್ಲೋ ಜಾಗದಲ್ಲಿ ಒಣ ಹಲಗೆ. ಕರೆಂಟು ಹೋದರೆ ಸ್ವಿಚ್ಚು ಇಳಿಸಿ ಅದಕ್ಕೆ ಕೆಂಪು ಬಟ್ಟೆ ಕಟ್ಟಬೇಕು, ಬಂದಾಗ ಯಾರೂ ಮೋಸ ಹೋಗಬಾರದು ಅಂತ. ಎಲ್ಲಕ್ಕಿಂತ ಮೇಲೆ ಅರ್ತಿಂಗು. ನನ್ನ ಕಾಯಿಲಿನ ಮೈ ಬಿರುಕು ಬಿಟ್ಟು ಎಷ್ಟೋ ಕಾಲ ಆಯ್ತು. ಹೊಸದು ಎಲ್ಲಿಂದ ತರಲಿ? ಕರೆಂಟು ಹಂಡೆಗೆ ಸೋರುತ್ತೆ. ಸೋರಲಿ. ಹಂಡೆಯ ಸೊಂಟಕ್ಕೆ ನಟ್ಟು ಹಾಕಿ ಬಿಗಿದ ಹಸಿರು ತಂತಿ ನೆಲದೊಳಕ್ಕೆ ಇಳಿದಿರುತ್ತಲ್ಲ, ಸೋರಿದ್ದೆಲ್ಲ ಮಣ್ಣು ಕುಡಿದುಬಿಡುತ್ತೆ. ಮೀರಿದರೆ ಫ್ಯೂಜು ಹಾರುತ್ತೆ. ಒದ್ದೆ ಕೈಯಲ್ಲಿ ಆ ಹಂಡೆ ಮುಟ್ಟಿ ಮುದುಕಿ ಆದೆ, ಒಂದು ಸಲ ಜುಮ್ಮನ್ನಲಿಲ್ಲ. ಆ ತಂತಿ ಇದ್ದರೆ ಯಾರೂ ಸಾಯೋ ಹಾಗೇ ಇಲ್ಲ ಕಣೆ.

...ಏನು?

ಇದ್ದರೆ, ಅಂದೆ. ಅವತ್ತು ಇರಲಿಲ್ವಲ್ಲ. ಕಿತ್ತು ಬಂದಿತ್ತು. ನಿನ್ನ ಮಗ ಹಂಡೇನ ಒದ್ದ, ತಂತಿ ಕಿತ್ತುಕೊಳ್ತು. ಈಗಲೂ ಹಾಗೇ ನೇತಾಡ್ತಿದೆ, ಹೋಗಿ ನೋಡು. ಏನೂ ಮುಟ್ಟಬೇಡ ಅಂದಿದ್ದಾರೆ, ನಾನು ಮುಟ್ಟಿಲ್ಲ. ಎವೆಲಿಯೊ ಇದ್ದಿದ್ದರೆ ಅದಕ್ಕೇ ಬೈಯೋನು. ಒಂದು ನಟ್ಟು ಬಿಚ್ಚಿದರೂ ನೆಲದ ಮೇಲೆ ಇಡೋನಲ್ಲ ಅವನು, ತಂದು ಸಂತನ ಮುಂದಿನ ಕಾಣಿಕೆ ತಟ್ಟೆಗೆ ಹಾಕೋನು. ಹಿತ್ತಾಳೆ ನಟ್ಟು ಕಳೆದುಹೋದರೆ ಈ ದೇಶದಲ್ಲಿ ಇನ್ನೊಂದು ಹುಟ್ಟುತ್ತಾ? ನನಗೂ ಅದೇ ರೂಢಿ ಆಗಿಹೋಯ್ತು, ಕೈ ತಾನೇ ತಟ್ಟೆ ಕಡೆ ಹೋಗುತ್ತೆ... ಕಾಫಿ ಆರ್ತಿದೆ ನೋಡು.

ಹೇಳ್ತೀನಿ, ಅವತ್ತಿಂದೂ ಹೇಳ್ತೀನಿ. ಬೆಳಗಾಗೋ ಮುಂಚೆ ಹೋದ ಕರೆಂಟು. ನಾನು ರೇಷನ್ ರೊಟ್ಟಿಗೆ ಸಾಲು ನಿಲ್ಲೋಕೆ ಹೋದೆ. ವಾಪಸ್ಸು ಬಂದರೆ ಬಾಗಿಲಲ್ಲೇ ಒಂದು ಹಲ್ಲು. ಯುಸಿಮಿ ಹಲ್ಲು, ಬೇರು ಸಮೇತ. ಅವನು ಎಲ್ಲೋ ಅರ್ಧ ಕುಡಿದು ಬಂದಿದ್ದ, ಇನ್ನರ್ಧ ಇಲ್ಲಿ ಬೇಕಿತ್ತು. ಕರೆಂಟಿಲ್ಲದೆ ಭಟ್ಟಿ ಎಲ್ಲಿ ಇಳಿಯುತ್ತೆ? ಅದಕ್ಕೆ ಹೊಡೆದ. ಇವಳೇ ಕರೆಂಟನ್ನ ಸೆರಗಲ್ಲಿ ಬಚ್ಚಿಟ್ಟುಕೊಂಡವಳ ಹಾಗೆ ಹೊಡೆದ. ಕುರ್ಚಿ ಎತ್ತಿ ಬೆನ್ನಿಗೆ ಬಿಟ್ಟ, ಅದರ ಕಾಲು ಮುರೀತು, ಮುರಿದ ಕಾಲು ತಗೊಂಡು ಮತ್ತೆ ಹೊಡೆದ. ನಾನು ಒಳಗೆ ಬಂದಾಗ ಅವಳ ಕೂದಲನ್ನ ಕೈಗೆ ಸುತ್ತಿಕೊಂಡು ತಲೇನ ಗೋಡೆಗೆ ಚಚ್ಚುತ್ತಿದ್ದ. ಅವಳು ಅಳೋದೂ ನಿಲ್ಲಿಸಿದ್ದಳು ಕಣೆ. ತೆಂಗಿನಕಾಯಿ ಕಲ್ಲಿಗೆ ಬಿದ್ದ ಹಾಗೆ ಆ ಸದ್ದು ಮಾತ್ರ. ನಾನು ಅವನ ಮಣಿಕಟ್ಟು ಕಚ್ಚಿದೆ, ರಕ್ತ ಬಾಯಿಗೆ ಬಂತು. ಹೊಟ್ಟೆಗೆ ಒದ್ದ ನನ್ನ. ಆಮೇಲೆ ಸುಸ್ತಾಯ್ತು ಅವನಿಗೆ. ಹೋಗಿ ಮಂಚದ ಮೇಲೆ ಬಿದ್ದುಕೊಂಡ. ಅಂಗಿ ತುಂಬ ಅವಳ ರಕ್ತ, ಗೊರಕೆ ಹೊಡೀತಿದ್ದ. ಕೂಸು ಮಲಗಿದ ಹಾಗೆ.

ನಿನ್ನ ಆ ಬೆರಳು... ಕೊನೆಗೂ ನೆಟ್ಟಗಾಗಲಿಲ್ಲ ಅಲ್ವಾ. ಬಚ್ಚಲಲ್ಲಿ ಜಾರಿದೆ ಅಂದಿದ್ದೆ. ಬಚ್ಚಲು ಬೆರಳನ್ನ ಹಿಂದಕ್ಕೆ ತಿರುಚಲ್ಲ, ಮಗ ತಿರುಚ್ತಾನೆ ಅಂತ ಗೊತ್ತಿದ್ದೂ ನಾನು ಕೇಳಲಿಲ್ಲ. ಯಾಕೆ ಸೆರಗಿನೊಳಗೆ ಎಳ್ಕೊಳ್ತೀಯ? ಇಲ್ಲಿ ನಾನೊಬ್ಬಳೇ ಇರೋದು.

ಹೂಂ, ಆಮೇಲೆ. ನಾನು ಯುಸಿಮಿಯ ತಲೆಗೆ ಬಟ್ಟೆ ಸುತ್ತಿ ಮಲಗಿಸಿದೆ. ಇವನು ಎದ್ದ. ನಿನಗೆ ಗೊತ್ತಲ್ಲ ಇವನ ಪದ್ಧತಿ, ಎದ್ದ ಕೂಡಲೇ ಬರಿಗಾಲಲ್ಲಿ ಹಿತ್ತಿಲಿಗೆ, ಎರಡೂ ಕೈಲಿ ಹಂಡೆ ತಬ್ಬಿ ಮುಚ್ಚಳ ಎತ್ತಿ, ಭಟ್ಟಿ ಇಳಿಯದಿದ್ದರೆ ಆ ಹುಳಿ ಕೊಳೇನೇ ಕುಡಿಯೋದು. ನಾಯಿ ಬಂದ ಹಾಗೆ ಅದೇ ಹೊತ್ತಿಗೆ, ಅದೇ ಜಾಗಕ್ಕೆ. ಅವತ್ತೂ ಹೋದ. ಹೋಗಿ ಒದ್ದ... ಇಲ್ಲ, ಒದ್ದು ಆಮೇಲೆ ತಬ್ಬಿಕೊಂಡ. ಸ್ವಿಚ್ಚೂ ಅವನೇ ಎತ್ತಿರಬೇಕು, ಕೆಂಪು ಬಟ್ಟೆ ಬಿಚ್ಚಿ. ಕುಡಿದವನಿಗೆ ಬಟ್ಟೆ ಏನು, ಬಣ್ಣ ಏನು. ಹಲಗೆಯಾ? ಅದನ್ನ ನಾನು ತೊಳೆದು ಬಿಸಿಲಿಗೆ ಹಾಕಿದ್ದೆ. ಯಾವಾಗ ಅಂದರೆ... ಆಗಲೇ. ಅವನು ಮಲಗಿದ್ದಾಗ. ರಕ್ತ ಆಗಿತ್ತಲ್ಲ ಹಲಗೆಗೆ. ಒಳಗಿನ ರಕ್ತ ಹಿತ್ತಿಲವರೆಗೂ ಹೇಗೆ ಬಂತು ಅಂತ ಕೇಳಬೇಡ, ಬಂದಿತ್ತು.

ಕರೆಂಟು ಬಂತು. ಇಡೀ ಬೀದಿ ಕೂಗಿಕೊಳ್ತು, ಬೆಳಕು ಬಂತು, ಬೆಳಕು ಬಂತು ಅಂತ. ಮಕ್ಕಳು ತಟ್ಟೆ ಬಡಿದರು, ಎದುರು ಮನೆ ರೇಡಿಯೋ ತಾನೇ ಹಾಡೋಕೆ ಶುರು ಮಾಡ್ತು. ಆ ಗಲಾಟೇಲಿ ಇವನ ಸದ್ದು ಯಾರಿಗೂ ಕೇಳಲಿಲ್ಲ. ಕೂಗು ಅನ್ನೋಕಾಗಲ್ಲ ಅದನ್ನ, ದವಡೆ ಬಿಗಿದುಹೋಗಿತ್ತು. ಹಂಡೆ ಅವನನ್ನ ಬಿಡಲಿಲ್ಲ. ಅಂಗೈ ಅಂಟಿಕೊಂಡು ಮೈಯೆಲ್ಲ ಕುಣೀತಿತ್ತು. ಸುಟ್ಟ ತೊಗಲಿನ ವಾಸನೆ ಬಂತು... ಅಳಬೇಡ ಕಣೆ. ಅಳ್ತಿಲ್ವಾ? ಸರಿ. ನಾನು ಓಡಿ ಹೋಗಿ ಸ್ವಿಚ್ಚು ಇಳಿಸಿದೆ. ತಕ್ಷಣ ಇಳಿಸಿದೆ. ಎದುರು ಮನೆ ಹಾಡು ಮುಗಿದು ಎರಡನೇದು ಶುರುವಾಗ್ತಿತ್ತು ಅಷ್ಟೇ.

ಒತಿಲಿಯಾ... ಬೈಯಿ ಬೇಕಾದರೆ.

ಎಲ್ಲಿ ನೋಡ್ತಿದ್ದೀಯ? ಸಂತನ ಕಡೆ ಯಾಕೆ? ಅದರಲ್ಲಿ ಏನಿದೆ, ಎರಡು ಚಿಲ್ಲರೆ, ಒಣಗಿದ ಹೂವು... ಅದು ಯಾವುದೋ ಹಳೇ ನಟ್ಟು. ಎತ್ತಬೇಡ ಅದನ್ನ. ಯಾಕೆ ಬೆಳಕಿಗೆ ಹಿಡೀತೀಯ? ಹಸಿರು ಬಣ್ಣ ಅಂಟಿರೋದಾ... ತಂತಿಯದೇ ಇರಬಹುದು, ನನಗೇನು ಗೊತ್ತು.

ಅದನ್ನ ತಟ್ಟೇಲಿ ಇಡೇ ವಾಪಸ್ಸು.

ಸರಿ. ಒದ್ದರೆ ನಟ್ಟು ತಾನೇ ಬಿಚ್ಚಿಕೊಂಡು, ಬಾಗಿಲು ದಾಟಿ ಬಂದು, ಸಂತನ ತಟ್ಟೇಲಿ ಕೂರಲ್ಲ. ನೀನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಸ್ಪ್ಯಾನರ್ ತಿರುಗಿಸೋವಾಗ ಅವನ ಗೊರಕೆ ಕೇಳಿಸ್ತಿತ್ತು ಕಣೆ. ಕೆಂಪು ಬಟ್ಟೆ ಬಿಚ್ಚಿ ಸ್ವಿಚ್ಚು ಎತ್ತಿದ್ದೂ ನಾನೇ. ಬಿಸಾಕಬೇಕಿತ್ತು ಇದನ್ನ, ಅಷ್ಟು ತಿಳೀಲಿಲ್ಲ, ಕೈ ತನ್ನ ರೂಢಿ ಮಾಡಿಬಿಡ್ತು. ಯುಸಿಮಿಗೆ ಏನೂ ಗೊತ್ತಿಲ್ಲ. ಆ ಸಂತನ ಆಣೆಗೂ ಅವಳಿಗೆ ಗೊತ್ತಿಲ್ಲ. ಪೊಲೀಸರಿಗೆ ಕೊಡೋದಾದರೆ ಕೊಡು, ಆದರೆ ನನ್ನ ಹೆಸರು ಹೇಳಿ ಕೊಡು, ಅವಳದ್ದಲ್ಲ...

ಎಲ್ಲಿಗೆ? ಹಿತ್ತಿಲಿಗ್ಯಾಕೆ ಹೊರಟೆ? ತಾಳು, ನನಗೆ ನಿನ್ನಷ್ಟು ಬೇಗ ನಡೆಯೋಕಾಗಲ್ಲ... ಹಂಡೆ ಈ ಕಡೆ ಇರೋದು. ಆ ಕಡೆ ಪಾಯಿಖಾನೆ ಕಣೆ. ಒತಿಲಿಯಾ, ನಟ್ಟನ್ನ ಗುಂಡಿಗೆ ಹಾಕಬೇಡ, ಹಿತ್ತಾಳೇದು ಅದು...

ಬಿತ್ತು.

...

ಹೊಡಿ. ಇನ್ನೊಂದು ಹೊಡಿ, ತಡೆಯಲ್ಲ ನಾನು. ಆ ಬೆರಳಿರೋ ಕೈಲಿ ಬೇಡ, ನಿನಗೇ ನೋಯುತ್ತೆ. ಇನ್ನೂ ಹೊಡಿ, ಅವನನ್ನ ಹೆತ್ತವಳು ನೀನು... ಬಾ. ಬಾ ಇಲ್ಲಿ. ಅಳು. ಈಗಾದರೂ ಅಳು.

ಜೀಪು ನಿಂತ ಹಾಗಾಯ್ತು. ಮುಖ ಒರೆಸ್ಕೊ. ಏನಂತೀಯ ಅವರಿಗೆ? ನನಗೆ ಹೇಳಲ್ವಾ? ಬೇಡ ಬಿಡು, ನೀನೇ ಮುಂದೆ ನಡಿ, ಬಾಗಿಲು ನೀನೇ ತೆಗಿ... ಅವನ್ನ ಯಾಕೆ ಬಗ್ಗಿ ಎತ್ಕೊಳ್ತೀಯ? ಅವು ಯುಸಿಮಿ ಚಪ್ಪಲಿ ಕಣೆ.