ಎಂಟನೆಯ ಕೇಬಲ್ಲಿನ ಬಣ್ಣಗಳು

ಬಡಾವಣೆಯವರು ವೈರ್ ಅಕ್ಕ ಎಂದು ಕರೆಯುವ, ವಯಸ್ಸು ನಲವತ್ತೆಂಟು, ಎಲೆಕ್ಟ್ರಿಕಲ್ ಸಾಮಾನುಗಳ ಅಂಗಡಿ ನಡೆಸುವ, ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ತಮ್ಮನೊಂದಿಗೆ ವಾಸವಿರುವ ನಾನು, ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಬರೆಸುವುದೇನೆಂದರೆ:

ನನ್ನ ತಮ್ಮನಿಗೆ ನಲವತ್ತೊಂದು ವರ್ಷ. ಹನ್ನೊಂದು ವರ್ಷಗಳಿಂದ ಪರವಾನಗಿ ಪಡೆದು ವೈರಿಂಗ್ ಕೆಲಸ ಮಾಡುತ್ತಿದ್ದಾನೆ. ಸಹಾಯಕ್ಕೆಂದು ನಾನು ಜೊತೆಗೆ ಹೋಗುತ್ತೇನೆ. ಈ ತಿಂಗಳ ನಾಲ್ಕರಂದು ನಾವಿಬ್ಬರೂ ಮುಖ್ಯರಸ್ತೆಯ ಹೊಲಿಗೆ ಕಾರ್ಖಾನೆಯಲ್ಲಿ ಏಳು ಕ್ಯಾಮೆರಾ ಕೂರಿಸಿ, ಏಳಕ್ಕೂ ನೆಟ್‌ವರ್ಕ್ ಕೇಬಲ್ ಎಳೆದು, ಮ್ಯಾನೇಜರ ಕೋಣೆಯ ರೆಕಾರ್ಡರಿಗೆ ಜೋಡಿಸಿದೆವು. ತಮಗೆ ವೈರಿನ ತಲೆಬುಡ ಗೊತ್ತಿಲ್ಲವೆಂದು ಮ್ಯಾನೇಜರು ನಕ್ಕರು. ಉಳಿದ ಕೇಬಲ್ಲಿನ ರಟ್ಟಿನ ಡಬ್ಬ ಇಲ್ಲೇ ಇರಲಿ, ಮುಂದೆ ಬೇಕಾದೀತು ಎಂದರು. ಬಿಟ್ಟು ಬಂದೆವು. ಡ್ರಿಲ್ಲನ್ನೂ ನನ್ನ ತಮ್ಮ ಅಲ್ಲೇ ಮರೆತು ಬಂದಿದ್ದ. ಏಳರ ಭಾನುವಾರ ಒಬ್ಬನೇ ಹೋಗಿ ತಂದ. ಗೇಟಿನ ಪುಸ್ತಕದಲ್ಲಿ ಅವನು ಒಳಹೋದದ್ದು 11.10, ಹೊರಬಂದದ್ದು 11.35 ಎಂದಿದೆ.

ಹದಿನೆಂಟರಂದು ಕಾರ್ಖಾನೆಯ ಹೆಣ್ಣುಮಕ್ಕಳು ಬಟ್ಟೆ ಬದಲಿಸುವ ಕೋಣೆಯ ಗಾಳಿಕಿಂಡಿಯಲ್ಲಿ ಎಂಟನೆಯ ಕ್ಯಾಮೆರಾ ಸಿಕ್ಕಿತು. ಅದರ ಕೇಬಲ್ ಅದೇ ರೆಕಾರ್ಡರಿಗೆ ಸೇರಿತ್ತು. ಭಾನುವಾರ ಬಂದ ವೈರಿಂಗಿನವನೇ ಇದನ್ನು ಜೋಡಿಸಿ ಮನೆಯಲ್ಲಿ ಕುಳಿತು ನೋಡುತ್ತಿದ್ದಾನೆಂದು ಮ್ಯಾನೇಜರು ದೂರು ಕೊಟ್ಟರು. ಹತ್ತೊಂಬತ್ತರ ಬೆಳಿಗ್ಗೆ 10.15ಕ್ಕೆ ಪೊಲೀಸರು ತಮ್ಮನನ್ನು ಕರೆದೊಯ್ದರು. ಅವನ ಸಲಕರಣೆಯ ಚೀಲಕ್ಕೆ ನನ್ನೆದುರೇ ಮೊಹರು ಹಾಕಿ ಅದನ್ನೂ ಒಯ್ದರು.

ಒಂದು ಡ್ರಿಲ್ ತರಲು ಇಪ್ಪತ್ತೈದು ನಿಮಿಷ ಯಾಕೆ ಎಂಬ ಅನುಮಾನ ನನಗೂ ಬಂದಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಅಂದೇ 12.05ಕ್ಕೆ ಕಾರ್ಖಾನೆಗೆ ಹೋದೆ. ಗೇಟಿನಲ್ಲಿ ಒಬ್ಬ ಹೊಲಿಗೆಯವಳು ನನ್ನನ್ನು ತಡೆದಳು. "ನಿಮ್ಮಿಬ್ರನ್ನೂ ಕೂರಿಸಿ ಟೀ ಕೊಟ್ಟಿದ್ವಲ್ಲ. ಈಗ ಯಾವ ಮುಖ ಇಟ್ಕೊಂಡು ಬಂದೆ?" ಎಂದಳು. ಅವಳನ್ನು ದಾಟಿ ಒಳಗೆ ಹೋದೆ.

ಮ್ಯಾನೇಜರ ಕೋಣೆಯಲ್ಲಿ ಮಹಿಳಾ ಪೇದೆಯೊಬ್ಬರು ಎಂಟನೆಯ ಕೇಬಲನ್ನು ರೆಕಾರ್ಡರಿನಿಂದ ಕೀಳಲು ನೋಡುತ್ತಿದ್ದರು. ಅದು ಬರಲಿಲ್ಲ. ಮ್ಯಾನೇಜರು ಕುರ್ಚಿಯಿಂದಲೇ, "ಆ ಸಣ್ಣ ನಾಲಿಗೆ ಒತ್ತಿ ಎಳೀರಿ ಮೇಡಂ, ಬರುತ್ತೆ" ಎಂದರು. ತಲೆಬುಡ ಗೊತ್ತಿಲ್ಲದವರಿಗೆ ಕೇಬಲ್ ತುದಿಯ ಕನೆಕ್ಟರಿನ ನಾಲಿಗೆ ಗೊತ್ತಿತ್ತು. ನಮ್ಮ ಕೇಬಲ್ ಡಬ್ಬ ಎಲ್ಲಿ ಎಂದು ಕೇಳಿದೆ. ಯಾವ ಡಬ್ಬ ಎಂದರು. ಕಾಲಿನಿಂದ ಏನನ್ನೋ ತಳ್ಳಿದಂತೆ ಅವರ ಮೇಜಿನಡಿ ರಟ್ಟು ನೆಲಕ್ಕೆ ಉಜ್ಜಿದ ಸದ್ದಾಯಿತು.

ಪೇದೆಯವರು ಅಲ್ಲೊಂದು, ಆಮೇಲೆ ಗಾಳಿಕಿಂಡಿಯ ಬಳಿ ಇನ್ನೊಂದು ಹಿಡಿದು ತೋರಿಸಿದ ಕೇಬಲ್ಲಿನ ಎರಡೂ ತುದಿಗಳನ್ನು ಮುಟ್ಟದೆ, ಕನ್ನಡಕ ಹಾಕಿಕೊಂಡು, ಒಂದು ಅಡಿ ದೂರದಿಂದ ನೋಡಿದೆ. ಕನೆಕ್ಟರಿನ ಪ್ಲಾಸ್ಟಿಕ್ ಪಾರದರ್ಶಕ. ಒಳಗಿನ ಎಂಟು ತಂತಿಗಳ ಬಣ್ಣ ಹೊರಗಿನಿಂದಲೇ ಕಾಣುತ್ತದೆ. ಆ ಬಣ್ಣಗಳನ್ನು ಸಾಲಾಗಿ ಇಡಲು ಎರಡು ಕ್ರಮಗಳಿವೆ. ಒಂದು ಹಸಿರಿನಿಂದ ಶುರುವಾಗುತ್ತದೆ, ಇನ್ನೊಂದು ಕಿತ್ತಳೆಯಿಂದ. ನಮ್ಮ ಏಳೂ ಕೇಬಲ್ ಹಸಿರಿನಿಂದ ಶುರುವಾಗಿವೆ. ಎಂಟನೆಯದು ಕಿತ್ತಳೆಯಿಂದ. ಎರಡು ತುದಿಗಳಲ್ಲೂ ಒಂದು ತಪ್ಪಿಲ್ಲ.

ನನ್ನ ತಮ್ಮ ಒಬ್ಬನೇ ಅದನ್ನು ಮಾಡಲಾರ. ಅವನಿಗೆ ಕಿತ್ತಳೆ, ಹಸಿರು, ಕಂದು ಬೇರೆಬೇರೆಯಾಗಿ ಕಾಣುವುದಿಲ್ಲ. ಹುಟ್ಟಿನಿಂದ ಹಾಗೆ. ಚಿಕ್ಕವನಿದ್ದಾಗ ಬಿಡಿಸಿದ ಮರಗಳಿಗೆಲ್ಲ ಕಂದು ಎಲೆಗಳಿರುತ್ತಿದ್ದವು. ಹನ್ನೊಂದು ವರ್ಷಗಳಿಂದ ತಂತಿಗಳನ್ನು ಸಾಲಾಗಿಟ್ಟುಕೊಟ್ಟವಳು ನಾನು. ಪರವಾನಗಿ ಕೊಡುವಾಗ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಈ ದಿನ ಬೆಳಿಗ್ಗೆ 9.30ಕ್ಕೆ ಠಾಣೆಯಲ್ಲಿ, ಇದನ್ನು ಹೇಳಿಬಿಡುತ್ತೇನೆಂದು ಅವನಿಗೆ ತಿಳಿಸಿದೆ.

"ಅಕ್ಕಾ, ಅದೊಂದನ್ನ ಬಿಟ್ಟು ಏನು ಬೇಕಾದ್ರೂ ಹೇಳು. ಬಣ್ಣ ಕಾಣ್ದೋನ ಕೈಗೆ ಯಾರು ಮನೆ ವೈರಿಂಗ್ ಕೊಡ್ತಾರೆ?"

ಜೈಲಿಗೆ ಹೋಗಿಬಂದವನಿಗೆ ಕೊಡುತ್ತಾರೆಯೇ ಎಂದು ಕೇಳಿದೆ. ಅವನು ಗೋಡೆಯ ಕಡೆ ತಿರುಗಿದ.

11.20ಕ್ಕೆ ಇನ್‌ಸ್ಪೆಕ್ಟರ್ ಸಾಹೇಬರು ಮೇಜಿನ ಮೇಲೆ ವೈರಿನ ತುಂಡುಗಳನ್ನಿಟ್ಟು ಹಸಿರು ಯಾವುದೆಂದು ಅವನನ್ನು ಕೇಳಿದರು. ಅವನು ಕಂದು ಎತ್ತಿದ. ತಪ್ಪಿಸಿಕೊಳ್ಳಲು ಯಾರಾದರೂ ಹೀಗೇ ಎತ್ತುತ್ತಾರೆ, ನಾಟಕ ಬೇಡ ಎಂದು ಸಾಹೇಬರು ಹೇಳಿದರು. ಅವರ ಅನುಮಾನ ತಪ್ಪಲ್ಲ. ಆದ್ದರಿಂದ ಮೊಹರು ಒಡೆಯುವ ಮೊದಲೇ ನಾನು ಹೇಳಿ ಬರೆಸಿದ್ದು: ಚೀಲದಲ್ಲಿ ಕರೆಂಟ್ ವೈರಿನ ಮೂರು ಸುರುಳಿಗಳಿವೆ. ಪ್ರತಿಯೊಂದರ ತುದಿಗೂ ಬಿಳಿ ದಾರ ಕಟ್ಟಿದ್ದೇನೆ. ಕೆಂಪಿನ ದಾರಕ್ಕೆ ಒಂದು ಗಂಟು, ಕಪ್ಪಿಗೆ ಎರಡು, ಹಸಿರಿಗೆ ಮೂರು. ಬಣ್ಣ ಕಾಣುವವನಿಗೆ ಗಂಟು ಯಾಕೆ ಬೇಕು?

11.40ಕ್ಕೆ ಪಂಚರೆದುರು ಚೀಲ ತೆರೆದರು. ಗಂಟುಗಳು ಹಾಗೆಯೇ ಇದ್ದವು. ಹಸಿರು ಕೊಡು ಎಂದು ಸಾಹೇಬರು ಮತ್ತೆ ಕೇಳಿದರು. ತಮ್ಮ ಬಾಗಿಲ ಕಡೆ ನೋಡುತ್ತಲೇ, ಹೆಬ್ಬೆರಳಿನಿಂದ ಗಂಟು ಎಣಿಸಿ, ಹಸಿರನ್ನು ತೆಗೆದು ಮೇಜಿನ ಮೇಲಿಟ್ಟ. ಯಾರೂ ಕೇಳದಿದ್ದರೂ ಜೇಬಿನಿಂದ ಪರವಾನಗಿ ಕಾರ್ಡು ತೆಗೆದು ಅದರ ಪಕ್ಕದಲ್ಲಿಟ್ಟ.

ಮ್ಯಾನೇಜರ ಮೇಜಿನಡಿಯ ಡಬ್ಬವನ್ನು ವಶಕ್ಕೆ ಪಡೆಯಬೇಕೆಂದು ಕೋರುತ್ತೇನೆ. ನಾವು ವೈರಿಂಗ್ ಮಾಡಿದ ಪ್ರತಿ ಮನೆಯಲ್ಲೂ ಕರೆಂಟ್ ಕೊಡುವ ಮೊದಲು ಪ್ರತಿ ಸ್ವಿಚ್ಚನ್ನೂ ಬಿಚ್ಚಿ ನಾನೇ ನೋಡಿದ್ದೇನೆ. ಇದನ್ನೂ ಬರೆದುಕೊಳ್ಳಬೇಕು.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದೂ ಇಷ್ಟು ವರ್ಷ ಮುಚ್ಚಿಟ್ಟದ್ದೂ ಇದರಲ್ಲಿ ಇದ್ದ ಹಾಗೇ ಇವೆ.

ಸ್ಥಳ: ಠಾಣೆಯ ಮುಂದಿನ ಕೋಣೆ
ದಿನಾಂಕ: ಈ ತಿಂಗಳ ಇಪ್ಪತ್ತು, ಮಧ್ಯಾಹ್ನ 12.25
ಸಹಿ: ಆಪಾದಿತನ ಅಕ್ಕ