ಓರಗಿತ್ತಿಯ ಸಕ್ಕರೆ ಮಾತ್ರೆ

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಓರಗಿತ್ತಿಯರು ಕೂತಿದ್ದರು. ಮಂಡಿನೋವಿನ ಹೊಸ ಮಾತ್ರೆಯ ಪ್ರಯೋಗಕ್ಕೆ ಇಬ್ಬರೂ ಸೇರಿದ್ದರಂತೆ. ಯಾರಿಗೆ ಔಷಧಿ, ಯಾರಿಗೆ ಹೋಲಿಸಿ ನೋಡಲು ಬರೀ ಸಕ್ಕರೆಯ ಮಾತ್ರೆ ಕೊಟ್ಟಿದ್ದು ಎಂದು ಡಾಕ್ಟರು ಈಗಷ್ಟೇ ಹೇಳಿದ್ದರು. ಹಿರಿಯವರು ಕುದಿಯುತ್ತಿದ್ದರು. ನಾನು ಫೋನಿನಲ್ಲಿ ಮುಳುಗಿದವಳಂತೆ ಎಲ್ಲವನ್ನೂ ಟೈಪ್ ಮಾಡಿಕೊಂಡೆ!

“ಅಸಲಿ ಮಾತ್ರೆ ನಂಗೆ, ನೋವು ಹೋಗಿದ್ದು ನಿಂಗೆ! ಇದ್ಯಾವ ನ್ಯಾಯ ಕಣೇ?”

“ನಾನೇನ್ ಮಾಡ್ಲಿ ಅಕ್ಕ? ನಂದು ಸಕ್ಕರೆ ಅಂತ ನಂಗೂ ಈಗ್ಲೇ ಗೊತ್ತಾಗಿದ್ದು.”

“ಗೊತ್ತಾಯ್ತಲ್ಲ, ಈಗ ನೋವು ವಾಪಸ್ ಬಂತಾ?”

“ಇಲ್ಲ.”

“ಒಂಚೂರೂ? ಸರಿಯಾಗಿ ಮಡಚಿ ನೋಡು.”

“ಮಡಚಿದೆ ಅಕ್ಕ. ಇಲ್ಲ.”

“ಹೊಟ್ಟೆ ಉರಿಸ್ಬೇಡ. ಮಾತ್ರೆ ಹೆಂಗೆ ತಗೊಳ್ತಿದ್ದೆ ಹೇಳು.”

“ನಿಮ್ಮ ಮೈದುನ ನೀರು ತಂದ್ಕೊಟ್ಟು, ಪಕ್ಕದಲ್ಲೇ ಕೂತು, ‘ಈಗ ಹೇಗಿದೆ’ ಅಂತ ಮಂಡಿ ಸವರೋರು. ನೀವು?”

“ನಾನಾ? ಒಲೆ ಮುಂದೆ ನಿಂತ್ಕೊಂಡು ನುಂಗ್ತಿದ್ದೆ. ನಿನ್ ಭಾವನಿಗೆ ನಂಗೊಂದು ಮಂಡಿ ಇದೆ ಅಂತಾನೂ ಗೊತ್ತಿಲ್ಲ.”

ಕಿರಿಯವರು ಎದ್ದು ಕೈ ಚಾಚಿದರು.

“ಲಿಫ್ಟ್ ಬರೋದು ತಡ. ಮೆಟ್ಟಿಲಲ್ಲೇ ಇಳಿಯೋಣ ಬನ್ನಿ ಅಕ್ಕ.”

“ನೀನ್ ಇಳಿಯಮ್ಮ, ಸಕ್ಕರೆ ತಿಂದೋಳು. ನಾನು ಅಸಲಿ ಮಾತ್ರೆ ತಿಂದಿದ್ದೀನಿ, ಲಿಫ್ಟಲ್ಲೇ ಬರ್ತೀನಿ.”